ದೊಡ್ಡಮ್ಮನಿಗೆ ಬಂದ ಹನ್ನೆರಡು ಲಕ್ಷ

ಜೀವನ್ ಬಿಮಾ ನಗರದ ಹಳೆಯ ಮನೆಗಳಿಗೆ ದೊಡ್ಡ ಮೊತ್ತದ ದುಡ್ಡು ಹೇಳದೆ ಕೇಳದೆ ಬರುತ್ತಿರಲಿಲ್ಲ. ಜೀವ ವಿಮಾ ನಿಗಮದಿಂದಲೇ ಹೆಸರು ಪಡೆದ ಬಡಾವಣೆ ಇದು. ಎಲ್‌ಐಸಿ, ಎಚ್‌ಎಎಲ್, ಬ್ಯಾಂಕು, ಶಾಲೆಗಳಲ್ಲಿ ದುಡಿದವರ ಸಂಸಾರಗಳು. ಪಾಲಿಸಿ ಯಾವ ವರ್ಷ ಮೆಚ್ಯೂರ್ ಆಗುತ್ತದೆ, ನಿವೃತ್ತಿಯ ದಿನ ಗ್ರಾಚ್ಯುಟಿ ಎಷ್ಟು ಸಿಗುತ್ತದೆ ಎಂಬುದು ಎಷ್ಟೋ ವರ್ಷ ಮೊದಲೇ ಗೊತ್ತು. ಆ ದುಡ್ಡು ಕೈಸೇರುವ ಹೊತ್ತಿಗೆ ಪ್ರತಿ ರೂಪಾಯಿಗೂ ಒಂದು ಕೆಲಸ ನಿಗದಿಯಾಗಿರುತ್ತಿತ್ತು: ಮಗಳ ಮದುವೆ, ಮೇಲಿನ ಮಹಡಿ, ಕಾಶಿಯಾತ್ರೆ. ಕಾದು ಪಡೆದ ಹಣವನ್ನು ನಿಭಾಯಿಸುವುದು ಇಲ್ಲಿಯವರಿಗೆ ಕರಗತ. ಕಾಯದೆ ಬಂದ ಹಣದ ಸ್ವಭಾವವೇ ಬೇರೆ ಎಂದು ನನಗೆ ತಿಳಿದದ್ದು ಇದೇ ಬಡಾವಣೆಯ ನಿವೃತ್ತ ಶಿಕ್ಷಕಿಯೊಬ್ಬರ ಖಾತೆಗೆ ಹನ್ನೆರಡು ಲಕ್ಷ ಬಿದ್ದಾಗ.

ಕಳಿಸಿದವನು ಅವರ ತಂಗಿಯ ಮಗ. ತಂದೆಗೆ ಮೂರು ವರ್ಷಕ್ಕೊಮ್ಮೆ ವರ್ಗವಾಗುತ್ತಿತ್ತು. ಓದು ಕೆಡಬಾರದೆಂದು ಹುಡುಗ ಐದನೇ ಕ್ಲಾಸಿನಿಂದ ಪಿಯುಸಿವರೆಗೆ ದೊಡ್ಡಮ್ಮನ ಮನೆಯಲ್ಲೇ ಬೆಳೆದ. ಈಗ ಅವನ ಅಪ್ಪ ಅಮ್ಮ ಇಬ್ಬರೂ ಇಲ್ಲ. ದೊಡ್ಡಮ್ಮನಿಗೂ ಗಂಡನಿಲ್ಲ, ಮಕ್ಕಳಾಗಲಿಲ್ಲ. ಮೊಬೈಲಿಗೆ ಮೆಸೇಜ್ ಬಂದಾಗ ಅವರಿಗೆ ಮೊದಲು ಆದದ್ದು ಭಯ. ಪಾಸ್‌ಬುಕ್ ಹಿಡಿದು ನೇರ ಬ್ಯಾಂಕಿಗೆ ಹೋದರು. ‘ಇದು ನಂದಲ್ಲ ಸಾರ್, ಯಾರದ್ದೋ ತಪ್ಪಿ ಬಂದಿದೆ, ವಾಪಸ್ ಕಳಿಸಿಬಿಡಿ’ ಎಂದರಂತೆ. ಮೋಸದ ದುಡ್ಡನ್ನು ಇನ್ನೊಬ್ಬರ ಖಾತೆಯ ಮೂಲಕ ದಾಟಿಸುವ ಈ ಕಾಲದಲ್ಲಿ ಅವರು ಮಾಡಿದ್ದೇ ಸರಿ. ಗೊತ್ತಿಲ್ಲದ ಹಣ ಬಂದರೆ ಮುಟ್ಟದೆ, ಫೋನಿನಲ್ಲಿ ಯಾರೋ ಹೇಳಿದ ನಂಬರಿಗೂ ಹಿಂತಿರುಗಿಸದೆ, ಬ್ಯಾಂಕಿಗೇ ತಿಳಿಸಬೇಕು. ರಾತ್ರಿ ಹುಡುಗನ ಫೋನು: ‘ದೊಡ್ಡಮ್ಮ, ಬೋನಸ್ ಬಂತು. ನಿಮ್ಮ ಹೆಸರಲ್ಲಿ ಇರಲಿ ಅಂತ ಹಾಕಿದೆ. ಸರ್‌ಪ್ರೈಸ್ ಇರಲಿ ಅಂತ ಹೇಳಲಿಲ್ಲ.’

ತೆರಿಗೆ ಇರಲಾರದು ಎಂದೇ ಎಲ್ಲರೂ ಅಂದುಕೊಂಡಿದ್ದೆವು. ಸಾಕಿದ ದೊಡ್ಡಮ್ಮನಿಗಿಂತ ಹತ್ತಿರದವರು ಯಾರು? ಆಡಿಟರ್ ಆದಾಯ ತೆರಿಗೆ ಕಾಯ್ದೆಯ ಪುಟ ತೆಗೆದು ತೋರಿಸಿದರು. ಒಂದು ಹಣಕಾಸು ವರ್ಷದಲ್ಲಿ ಉಡುಗೊರೆಯಾಗಿ ಬಂದ ಹಣ ಒಟ್ಟು 50,000 ರೂಪಾಯಿ ದಾಟಿತೆಂದರೆ ಇಡೀ ಮೊತ್ತವೇ ಆದಾಯಕ್ಕೆ ಸೇರುತ್ತದೆ, ದಾಟಿದ ಭಾಗ ಮಾತ್ರವಲ್ಲ. ಸಂಬಂಧಿಕರು ಕೊಟ್ಟದ್ದಕ್ಕೆ ವಿನಾಯಿತಿ ಇದೆ. ಸಂಬಂಧಿಕರು ಯಾರೆಂಬ ಪಟ್ಟಿಯೂ ಇದೆ: ಗಂಡ ಅಥವಾ ಹೆಂಡತಿ, ಒಡಹುಟ್ಟಿದವರು, ಗಂಡನ ಅಥವಾ ಹೆಂಡತಿಯ ಒಡಹುಟ್ಟಿದವರು, ತಂದೆತಾಯಿಯ ಒಡಹುಟ್ಟಿದವರು, ತಮ್ಮ ಮತ್ತು ಬಾಳಸಂಗಾತಿಯ ಕಡೆಯ ನೇರ ಹಿರಿಯರು ಮತ್ತು ಸಂತತಿ, ಇವರೆಲ್ಲರ ಗಂಡ ಹೆಂಡಿರು. ಈ ಪಟ್ಟಿಯನ್ನು ಪಡೆದವರ ಕಡೆಯಿಂದ ಓದಬೇಕು. ಹುಡುಗನಿಗೆ ದೊಡ್ಡಮ್ಮ ತಾಯಿಯ ಒಡಹುಟ್ಟು; ಆಕೆ ಕೋಟಿ ಕೊಟ್ಟರೂ ಅವನಿಗೆ ತೆರಿಗೆಯಿಲ್ಲ. ದೊಡ್ಡಮ್ಮನ ಪಟ್ಟಿಯಲ್ಲಿ ತಂಗಿ ಇದ್ದಾಳೆ, ತಂಗಿಯ ಗಂಡ ಇದ್ದಾನೆ, ತಂಗಿಯ ಮಗ ಇಲ್ಲ.

ಕಾಯ್ದೆಯ ಅನುಮಾನಕ್ಕೂ ಒಂದು ಚರಿತ್ರೆಯಿದೆ. ಅರ್ಥಶಾಸ್ತ್ರಜ್ಞ ನಿಕೊಲಸ್ ಕಾಲ್ಡೋರ್ ಅವರ ಸಲಹೆಯಂತೆ 1958ರಲ್ಲಿ ಬಂದ ದಾನ ತೆರಿಗೆ, ಕೊಟ್ಟವರ ಮೇಲೆ ಬೀಳುತ್ತಿತ್ತು. 1998ರ ಅಕ್ಟೋಬರ್ 1ರಿಂದ ಅದು ನಿಂತುಹೋಯಿತು. ಉಡುಗೊರೆಯ ಹೆಸರಿನಲ್ಲಿ ಕಪ್ಪುಹಣ ಬಿಳಿಯಾಗುವುದನ್ನು ತಡೆಯಲು 2004ರ ಸೆಪ್ಟೆಂಬರ್‌ನಿಂದ ಹೊರೆಯನ್ನು ಪಡೆದವರ ತಲೆಗೆ ಹಾಕಿದರು. ಮೊದಲು 25,000 ಇದ್ದ ಮಿತಿ 2006ರಲ್ಲಿ 50,000 ಆಯಿತು. ಇಷ್ಟು ವರ್ಷದ ಬೆಲೆ ಏರಿಕೆಯ ನಂತರವೂ ಅಲ್ಲೇ ನಿಂತಿದೆ. ನಗದಿಗೆ ಇನ್ನೊಂದು ಬೇಲಿ: 2017ರಿಂದ ಒಬ್ಬರಿಂದ ಒಂದೇ ದಿನ ಅಥವಾ ಒಂದೇ ಸಂದರ್ಭಕ್ಕೆ ಎರಡು ಲಕ್ಷ ಅಥವಾ ಅದಕ್ಕಿಂತ ಹೆಚ್ಚು ನೋಟುಗಳಲ್ಲಿ ಪಡೆಯುವಂತಿಲ್ಲ. ಹೆತ್ತ ತಂದೆಯೇ ಕೊಟ್ಟರೂ ಇದು ಅನ್ವಯ. ತಪ್ಪಿದರೆ ಪಡೆದಷ್ಟೇ ಮೊತ್ತದ ದಂಡ, ಅದೂ ಪಡೆದವರಿಗೆ. ಕವರಿನಲ್ಲಿ ನೋಟು ತುಂಬಿ ಆಶೀರ್ವಾದ ಮಾಡುವ ಹಿರಿಯರಿಗೆ ಇದನ್ನು ಯಾರಾದರೂ ತಿಳಿಸಬೇಕು.

2024ರ ಮಾರ್ಚ್‌ನಲ್ಲಿ ಇನ್ಫೋಸಿಸ್‌ನ ನಾರಾಯಣಮೂರ್ತಿಯವರು ನಾಲ್ಕು ತಿಂಗಳ ಮೊಮ್ಮಗನಿಗೆ 15 ಲಕ್ಷ ಷೇರು ಕೊಟ್ಟರು. ಅಂದಿನ ಬೆಲೆ 240 ಕೋಟಿ ರೂಪಾಯಿಗೂ ಮೇಲೆ. ತಾತ ನೇರ ಹಿರಿಯರಾದ್ದರಿಂದ ಆ ಉಡುಗೊರೆಗೆ ತೆರಿಗೆಯಿಲ್ಲ. ಮಗು ದೊಡ್ಡದಾಗುವವರೆಗೆ ಡಿವಿಡೆಂಡ್ ತಂದೆ ಅಥವಾ ತಾಯಿಯ ಆದಾಯಕ್ಕೆ ಸೇರುತ್ತದೆ, ಅಷ್ಟೇ. ಅದರಲ್ಲಿ ತಪ್ಪೇನೂ ಇಲ್ಲ, ತಾತ ಮೊಮ್ಮಗನಿಗೆ ಕೊಡುವುದು ಲೋಕರೂಢಿ. ಆದರೆ ಎಂಟು ವರ್ಷ ಟಿಫಿನ್ ಡಬ್ಬಿ ಕಟ್ಟಿದ ಕೈಗೆ ಬಂದ ಹನ್ನೆರಡು ಲಕ್ಷವನ್ನು ಕಾಯ್ದೆ ಅಪರಿಚಿತರ ಹಣದಂತೆ ನೋಡುತ್ತದೆ ಎಂಬುದು ನನಗೆ ಈಗಲೂ ನುಂಗಲಾರದ ಮಾತು. ರಕ್ತಸಂಬಂಧ ಎರಡೂ ದಿಕ್ಕಿಗೆ ಒಂದೇ ದೂರ. ವಿನಾಯಿತಿ ಮಾತ್ರ ಒಂದೇ ದಿಕ್ಕಿಗೆ ಏಕೆ?

ಲೆಕ್ಕ ಹೀಗಾಯಿತು. ಸ್ಟಾಂಡರ್ಡ್ ಡಿಡಕ್ಷನ್ ಕಳೆದು ಅವರ ಪಿಂಚಣಿ ಸುಮಾರು 4 ಲಕ್ಷ, ಉಡುಗೊರೆ 12 ಲಕ್ಷ, ಒಟ್ಟು 16. ಹೊಸ ಪದ್ಧತಿಯ 2025-26ರ ದರದಲ್ಲಿ ಸೆಸ್ ಸೇರಿ ತೆರಿಗೆ 1,24,800 ರೂಪಾಯಿ. ಹುಡುಗ ಮೊದಲೇ ಒಂದು ಮಾತು ಕೇಳಿದ್ದರೆ ಮಾರ್ಚ್‌ನಲ್ಲಿ 8, ಏಪ್ರಿಲ್‌ನಲ್ಲಿ 4 ಲಕ್ಷ ಕಳಿಸಬಹುದಿತ್ತು. 12 ಲಕ್ಷದವರೆಗಿನ ಆದಾಯಕ್ಕೆ ರಿಬೇಟ್ ಇರುವುದರಿಂದ ಎರಡು ವರ್ಷವೂ ತೆರಿಗೆ ಸೊನ್ನೆ, ಕಾನೂನಿನ ಒಳಗೇ. ಪ್ರೀತಿಪಾತ್ರರಿಗೆ ದೊಡ್ಡ ಮೊತ್ತ ಕೊಡುವವರು ಸರ್‌ಪ್ರೈಸ್ ಆಸೆ ಬಿಡಬೇಕು ಎಂದು ಅಂದಿನಿಂದ ನನಗೆ ಗಟ್ಟಿಯಾಗಿ ಅನ್ನಿಸಿದೆ. ಪಡೆಯುವವರ ವಯಸ್ಸು, ಆದಾಯ, ಯಾವ ವರ್ಷ ಅನುಕೂಲ ಎಂಬುದನ್ನು ಕೇಳಿ ತಿಳಿಯುವುದೂ ಕೊಡುವುದರ ಭಾಗವೇ.

ಪರಿಚಿತರೊಬ್ಬರು ಉಪಾಯ ಹೇಳಿದರು: ‘ಸಾಲ ಅಂತ ಬರೆಸ್ಕೊಳ್ಳಿ ಟೀಚರ್, ಸಾಲಕ್ಕೆ ಟ್ಯಾಕ್ಸ್ ಇಲ್ಲ.’ ದೊಡ್ಡಮ್ಮ ಸ್ವಲ್ಪ ಹೊತ್ತು ಸುಮ್ಮನಿದ್ದು ಹೇಳಿದ್ದು ಇಷ್ಟೇ: ‘ಅವನು ನನಗೆ ಸಾಲ ಕೊಟ್ಟ ಅಂತ ನಾನು ರುಜು ಹಾಕ್ಬೇಕಾ? ಅವನು ಅದನ್ನ ಓದಿದ್ರೆ?’

ಆ ಮಾತಿನಿಂದ ನನ್ನ ಯೋಚನೆಯೇ ತಿರುಗಿತು. ದೊಡ್ಡ ಉಡುಗೊರೆ ಬಂದಾಗ ತೆರಿಗೆ, ಬಡ್ಡಿ, ಹೂಡಿಕೆ ಎಂದು ಓಡಾಡುವ ಮೊದಲು ಉತ್ತರಿಸಬೇಕಾದ ಪ್ರಶ್ನೆ ಇದು: ಇದು ಏನು? ಕೊಡುಗೆಯೋ, ಸಾಲವೋ, ನಮ್ಮ ಹೆಸರಲ್ಲಿ ಇಟ್ಟ ಅವರ ದುಡ್ಡೋ, ಮುಂದೆ ಏನೋ ಕೇಳುವ ಮುಂಗಡವೋ? ಆದಾಯ ತೆರಿಗೆ ಇಲಾಖೆ ಕೇಳುವುದೂ ಅದನ್ನೇ. ಇದನ್ನು ಇಬ್ಬರೂ ಬಾಯಿಬಿಟ್ಟು ಆಡಿಕೊಳ್ಳದ ಕಾರಣ ಎಷ್ಟು ಮನೆಗಳಲ್ಲಿ ಅಣ್ಣ ತಮ್ಮಂದಿರ ಮಾತು ನಿಂತಿಲ್ಲ! ಕೊಟ್ಟಾಗ ‘ಇಟ್ಕೋ’ ಎಂದವರಿಗೆ ಐದು ವರ್ಷದ ಮೇಲೆ ಅದು ಸೈಟಿನಲ್ಲಿ ಪಾಲು ಎಂದು ನೆನಪಾಗುತ್ತದೆ.

ಬರೆದಿಟ್ಟರೆ ಪ್ರೀತಿ ಕಡಿಮೆಯಾಗುತ್ತದೆ ಎಂಬ ಅಂಜಿಕೆ ನಮ್ಮಲ್ಲಿದೆ, ಆದರೆ ಬರೆಯುವುದು ನಮಗೆ ಹೊಸದಲ್ಲ. ಇಲ್ಲಿಂದ ಕೂಗಳತೆಯ ದೊಮ್ಮಲೂರಿನ ಚೊಕ್ಕನಾಥ ದೇವಸ್ಥಾನದಲ್ಲಿ 13ನೇ ಶತಮಾನದ ತಮಿಳು ಶಾಸನಗಳಿವೆ. ಯಾರು ಕೊಟ್ಟರು, ಏನು ಕೊಟ್ಟರು ಎಂಬುದನ್ನು ಕಲ್ಲಿನಲ್ಲೇ ಕೊರೆಸಿದ್ದಾರೆ. ನಮ್ಮ ಮದುವೆಮನೆಗಳಲ್ಲೂ ಬಾಗಿಲ ಬಳಿ ಮೇಜು ಹಾಕಿ ಮುಯ್ಯಿ ಬರೆಯುವವರು ಕೂತಿರುತ್ತಾರೆ. ಹೆಸರು, ಊರು, ಮೊತ್ತ. ಆ ಪುಸ್ತಕವನ್ನು ಜೋಪಾನ ಮಾಡಬೇಕು. ವಧೂವರರಿಗೆ ಮದುವೆಯಲ್ಲಿ ಬಂದ ಉಡುಗೊರೆಗೆ ಯಾರೇ ಕೊಟ್ಟಿರಲಿ ತೆರಿಗೆಯಿಲ್ಲ, ಆದರೆ ಎಲ್ಲಿಂದ ಬಂತೆಂದು ಕೇಳಿದಾಗ ಆಧಾರ ಬೇಕು. ಹಣದ ಕೊಡುಗೆಗೆ ನೋಂದಣಿ ಬೇಕಿಲ್ಲ. ಕೊಟ್ಟವರ ಮತ್ತು ಪಡೆದವರ ಹೆಸರು, ಸಂಬಂಧ, ಪ್ಯಾನ್, ಮೊತ್ತ, ದಿನಾಂಕ, ಬ್ಯಾಂಕ್ ವರ್ಗಾವಣೆಯ ಸಂಖ್ಯೆ, ಹಿಂತಿರುಗಿಸಬೇಕಾಗಿಲ್ಲ ಎಂಬ ಒಂದು ವಾಕ್ಯ, ಇಬ್ಬರ ಸಹಿ ಇರುವ ಒಂದು ಹಾಳೆ ಸಾಕು. ಹುಡುಗ ಬರೆದು ಕಳಿಸಿದ ಹಾಳೆಯಲ್ಲಿ ಸಂಬಂಧ ಎಂಬಲ್ಲಿ ‘ದೊಡ್ಡಮ್ಮ, ನನ್ನನ್ನು ಸಾಕಿದವರು’ ಎಂದಿತ್ತು. ಅದರಿಂದ ತೆರಿಗೆ ಒಂದು ರೂಪಾಯಿ ಇಳಿಯಲಿಲ್ಲ. ದೊಡ್ಡಮ್ಮ ಅದಕ್ಕೆ ಲ್ಯಾಮಿನೇಷನ್ ಮಾಡಿಸಿದರು.

ಮಿಕ್ಕದ್ದು ಸರಳವಾಗಿತ್ತು, ಅವರು ಅವಸರ ಮಾಡಲಿಲ್ಲವಾದ್ದರಿಂದ. ತೆರಿಗೆಯ ಮೊತ್ತವನ್ನು ಮೊದಲು ಬೇರೆ ಎಫ್‌ಡಿ ಮಾಡಿದರು. ವ್ಯಾಪಾರದ ಆದಾಯವಿಲ್ಲದ ಅರವತ್ತು ದಾಟಿದವರಿಗೆ ಮುಂಗಡ ತೆರಿಗೆ ಇಲ್ಲ, ರಿಟರ್ನ್ಸ್ ಹಾಕುವಾಗ ಕಟ್ಟಿದರಾಯಿತು. ಸುದ್ದಿ ಹೇಗೆ ಹಬ್ಬಿತೋ, ಹೊಸಕೋಟೆ ಸೈಟು, ಚೀಟಿ, ತಿಂಗಳಿಗೆ ಎರಡು ಪರ್ಸೆಂಟ್ ಎಂದು ಜನ ಬರತೊಡಗಿದರು. ಶಿವಾಜಿನಗರದ ಐಎಂಎ ಎಂಬ ಹೂಡಿಕೆ ಕಂಪನಿ 2019ರ ಜೂನ್‌ನಲ್ಲಿ ಬಾಗಿಲು ಹಾಕಿದಾಗ ಬೀದಿಯಲ್ಲಿ ನಿಂತ ಸಾವಿರಾರು ಜನರಲ್ಲಿ ಮಗಳ ಮದುವೆಗೆಂದು ಕೂಡಿಟ್ಟವರಿದ್ದರು. 2020ರ ಜನವರಿಯಲ್ಲಿ ಬಸವನಗುಡಿಯ ಗುರು ರಾಘವೇಂದ್ರ ಸಹಕಾರ ಬ್ಯಾಂಕಿನ ಮೇಲೆ ರಿಸರ್ವ್ ಬ್ಯಾಂಕ್ ನಿರ್ಬಂಧ ಹೇರಿದಾಗ ಠೇವಣಿದಾರರು 35,000ಕ್ಕಿಂತ ಹೆಚ್ಚು ತೆಗೆಯುವಂತಿರಲಿಲ್ಲ. ಅವರಲ್ಲಿ ನಿವೃತ್ತರೇ ಎಷ್ಟೋ ಮಂದಿ. ಒಂದು ಬ್ಯಾಂಕಿನಲ್ಲಿ ಒಬ್ಬರ ಠೇವಣಿಗೆ ವಿಮೆ ಇರುವುದು 5 ಲಕ್ಷದವರೆಗೆ ಮಾತ್ರ. ದೊಡ್ಡಮ್ಮ ಆರು ತಿಂಗಳು ಏನೂ ಮಾಡದೆ, ಆಮೇಲೆ ಹೆಚ್ಚಿನ ಪಾಲನ್ನು ಅಂಚೆ ಕಚೇರಿಯ ಹಿರಿಯ ನಾಗರಿಕರ ಉಳಿತಾಯ ಯೋಜನೆಯಲ್ಲಿಟ್ಟರು. ಕೇಳಿದವರಿಗೆಲ್ಲ ‘ಅದು ಹುಡುಗನ್ನ ಕೇಳಿ ಮಾಡ್ಬೇಕು’ ಎಂದು ಹೇಳಿ ಕಳಿಸಿದರು.

ಆದರೆ ಕೊನೆಗೆ ಅವರನ್ನು ಕಾಡಿದ್ದು ತಮ್ಮ ನಂತರದ ಪ್ರಶ್ನೆ. ನಾಮಿನಿ ಹಾಕಿದರೆ ಮುಗಿಯಿತು ಎಂದು ಬಹಳ ಜನ ನಂಬಿದ್ದಾರೆ. ನಾಮಿನಿ ಹಣ ಪಡೆದುಕೊಳ್ಳಬಹುದು, ಒಡೆತನ ಮಾತ್ರ ವಾರಸುದಾರರದು. 1956ರ ಹಿಂದೂ ಉತ್ತರಾಧಿಕಾರ ಕಾಯ್ದೆಯಂತೆ, ಮಕ್ಕಳಿಲ್ಲದ ವಿಧವೆ ವಿಲ್ ಬರೆಯದೆ ತೀರಿಕೊಂಡರೆ ಆಕೆ ಸ್ವಂತ ದುಡಿಮೆಯಿಂದ ಗಳಿಸಿದ್ದೂ ಮೊದಲು ಹೋಗುವುದು ಗಂಡನ ವಾರಸುದಾರರಿಗೆ. ಅಲ್ಲೂ ಈ ಹುಡುಗನಿಗೆ ಜಾಗವಿಲ್ಲ. ವಿಲ್ ಬರೆದರೆ ಇದೆ: ಸ್ಟಾಂಪ್ ಬೇಡ, ನೋಂದಣಿ ಕಡ್ಡಾಯವಿಲ್ಲ, ಇಬ್ಬರು ಸಾಕ್ಷಿಗಳ ಎದುರು ಸಹಿ ಸಾಕು. ಎಸ್ಟೇಟ್ ಡ್ಯೂಟಿ 1985ರಲ್ಲೇ ರದ್ದಾಗಿರುವುದರಿಂದ ವಿಲ್ ಮೂಲಕ ಬಂದದ್ದಕ್ಕೆ ತೆರಿಗೆಯೂ ಇಲ್ಲ. ದೊಡ್ಡಮ್ಮ ಮನೆಯನ್ನೂ ಸೇರಿಸಿ ಬರೆದರು. ಸಾಕ್ಷಿಗಳಲ್ಲಿ ಒಬ್ಬ ನಾನು. ವಿಲ್‌ನಲ್ಲಿ ಸಿಕ್ಕ ಜಾಗ ತೆರಿಗೆಯ ಪಟ್ಟಿಯಲ್ಲಿ ಮಾತ್ರ ಹುಡುಗನಿಗೆ ಇನ್ನೂ ಇಲ್ಲ. 2025ರ ಹೊಸ ಆದಾಯ ತೆರಿಗೆ ಕಾಯ್ದೆಯಲ್ಲಿ ಸೆಕ್ಷನ್‌ಗಳ ಸಂಖ್ಯೆ ಬದಲಾಯಿತು, ಸಂಬಂಧಿಕರ ಪಟ್ಟಿ ಹಾಗೇ ಉಳಿಯಿತು. ಅಕ್ಕತಂಗಿಯರ, ಅಣ್ಣತಮ್ಮಂದಿರ ಮಕ್ಕಳನ್ನೂ ಅದರಲ್ಲಿ ಸೇರಿಸಲು ಒಂದು ಸಾಲಿನ ತಿದ್ದುಪಡಿ ಸಾಕು. ಆ ಒಂದು ಸಾಲನ್ನು ಸಂಸತ್ತಿನಲ್ಲಿ ಕೇಳುವವರು ಬೇಕಾಗಿದ್ದಾರೆ.