ಗಾಜು ಉಜ್ಜಿದ ಅಣ್ಣ

 

ಶನಿಗ್ರಹದ ದೊಡ್ಡ ಚಂದ್ರ ಟೈಟಾನನ್ನು ಕಂಡುಹಿಡಿದವರು ಯಾರು ಎಂದರೆ ಮಕ್ಕಳು ಕ್ರಿಶ್ಚಿಯಾನ್ ಹೈಗನ್ಸ್ ಎನ್ನುತ್ತಾರೆ. ಅವನಿಗೊಬ್ಬ ಅಣ್ಣನಿದ್ದದ್ದು ಮೊನ್ನೆ ಓದುವವರೆಗೆ ನನಗೂ ಗೊತ್ತಿರಲಿಲ್ಲ.

ಅಣ್ಣನ ಹೆಸರು ಕಾನ್‌ಸ್ಟಂಟೈನ್. 1628ರಲ್ಲಿ ಹಾಲೆಂಡಿನ ಹೇಗ್ ನಗರದಲ್ಲಿ ಹುಟ್ಟಿದವನು, ತಮ್ಮನಿಗಿಂತ ಒಂದೇ ವರ್ಷ ದೊಡ್ಡವನು. ಇಬ್ಬರೂ ಸೇರಿ ಗಾಜಿನ ಬಿಲ್ಲೆಯನ್ನು ಲೋಹದ ತಟ್ಟೆಯಲ್ಲಿಟ್ಟು, ಪುಡಿ ಮತ್ತು ನೀರು ಹಾಕಿ, ಉಜ್ಜಿ ಉಜ್ಜಿ ಮಸೂರ ಮಾಡುತ್ತಿದ್ದರು. ಅಂಥ ಮಸೂರದ ದೂರದರ್ಶಕದಲ್ಲೇ 1655ರ ಮಾರ್ಚ್‌ನಲ್ಲಿ ಟೈಟಾನ್ ಕಂಡದ್ದು. ತಮ್ಮ ಲೋಕಪ್ರಸಿದ್ಧನಾದ. ಅಣ್ಣ 1672ರಿಂದ ರಾಜಕುಮಾರ ವಿಲಿಯಂನ ಕಾರ್ಯದರ್ಶಿ. 1688ರಲ್ಲಿ ಅವನ ಸೈನ್ಯದೊಂದಿಗೆ ಇಂಗ್ಲೆಂಡಿಗೂ ಹೋದ. ದಿನಚರಿ ಬರೆದ. ಅದರಲ್ಲಿ ಯುದ್ಧವೂ ಇದೆ, ಆಸ್ಥಾನದ ಚಾಡಿಮಾತೂ ಇದೆ. (ಸಮ್ಮಾವಾಚಾ ಪಾಠಕ್ಕೆ ಅದನ್ನು ತರುವುದು ಬೇಡ ಬಿಡಿ!)

ಆದರೆ ಗಾಜು ಉಜ್ಜುವುದನ್ನು ಬಿಡಲಿಲ್ಲ. ಅವನು ಮಾಡಿದ ಒಂದು ಮಸೂರದ ನಾಭಿದೂರ 123 ಅಡಿ, ಎರಡು ತೆಂಗಿನಮರ ಒಂದರ ಮೇಲೊಂದು ನಿಲ್ಲಿಸಿದಷ್ಟು! ಅಷ್ಟುದ್ದದ ಕೊಳವೆ ಮಾಡುವುದು ಹೇಗೆ? ಮಸೂರವನ್ನು ಎತ್ತರದ ಕಂಬಕ್ಕೇರಿಸಿ, ದಾರ ಬಿಗಿದು, ಕೆಳಗೆ ನಿಂತು ನೋಡುತ್ತಿದ್ದರು. ಆ ಮಸೂರ ಈಗ ಲಂಡನ್ನಿನ ರಾಯಲ್ ಸೊಸೈಟಿಗೆ ಸೇರಿದೆ.

ಲೋಕದಲ್ಲಿ ಇಬ್ಬರು ಅಪರೂಪ ಎಂದು ಭಗವಾನರು ಅಂಗುತ್ತರ ನಿಕಾಯದಲ್ಲಿ ಹೇಳಿದ್ದಾರೆ. ತಾನೇ ಮೊದಲಾಗಿ ಉಪಕಾರ ಮಾಡುವ ಪುಬ್ಬಕಾರಿ ಒಬ್ಬ, ಆ ಉಪಕಾರವನ್ನು ನೆನೆಯುವ ಕತಞ್ಞು ಇನ್ನೊಬ್ಬ. ಓದಿ ಪುಸ್ತಕ ಮಡಚಿದೆ. ಮುಂದೆ ಹೋಗಲಾಗಲಿಲ್ಲ.

ನನ್ನಣ್ಣ ಹತ್ತನೇ ತರಗತಿಗೇ ಶಾಲೆ ಬಿಟ್ಟ. ವರ್ಷಗಟ್ಟಲೆ ಅಟ್ಟದಲ್ಲಿ ಕಾಯಿ ಒಣಗಿಸಿ, ತಿಪಟೂರಿನ ಮಾರುಕಟ್ಟೆಗೆ ಕೊಬ್ಬರಿ ಹಾಕಿ ಬಂದ ದುಡ್ಡಿನಲ್ಲಿ ನಾನು ಕನ್ನಡ ಎಂ.ಎ. ಮಾಡಿದೆ. ನನಗೆ ಸನ್ಮಾನವಾದ ದಿನ ಮುಖ್ಯೋಪಾಧ್ಯಾಯರಿಂದ ಹಿಡಿದು ಶಾಮಿಯಾನ ಹಾಕಿದವರವರೆಗೆ ಎಲ್ಲರನ್ನೂ ವಂದಿಸಿದೆ. ಅಣ್ಣ ಕೊನೇ ಸಾಲಿನಲ್ಲಿ ಕೂತಿದ್ದ. ಅವನ ಹೆಸರು ಬಾಯಿಗೆ ಬರಲಿಲ್ಲ. ಮರೆತೆನೋ, ಪಂಚೆ ಉಟ್ಟು ಬಂದವನನ್ನು ತೋರಿಸಲು ನಾಚಿದೆನೋ? ಎರಡನೆಯದೇ ಇರಬೇಕು.

ನಿನ್ನೆ ಸಂಜೆ ತುರುವೇಕೆರೆ ಬಸ್ಸು ಹತ್ತಿ ಊರಿಗೆ ಹೋದೆ. ಅಣ್ಣ ಅಟ್ಟದ ಮೇಲೆ ಒಂದೊಂದೇ ಕಾಯಿ ಕಿವಿಯ ಹತ್ತಿರ ಅಲ್ಲಾಡಿಸಿ, ಒಣಗಿದೆಯೋ ಇಲ್ಲವೋ ಎಂದು ಸದ್ದು ಕೇಳುತ್ತಿದ್ದ. ಏಣಿ ಹತ್ತಿ, "ಅಣ್ಣಾ, ಅವತ್ತು ಸನ್ಮಾನದ ದಿನ..." ಎಂದು ಶುರು ಮಾಡಿದೆ.

"ಅದೆಲ್ಲಾ ಆಮೇಲೆ ಹೇಳೀವಂತೆ. ಆ ಮಂಕರಿ ಇತ್ಲಾಗೆ ಹಿಡ್ಕೊ" ಅಂದ.

ಹಿಡಿದುಕೊಂಡೆ.