ಹೃದಯ ಯಾರ ಸ್ವತ್ತು?



ಯೇಸುವಿನ ತಿರುಹೃದಯದ ಪಟವಿಲ್ಲದ ಕಥೋಲಿಕ ಮನೆ ನಮ್ಮಲ್ಲಿ ಅಪರೂಪ. ಪಟದ ಮುಂದೆ ಪುಟ್ಟ ಕೆಂಪು ದೀಪ, ಜೂನ್ ತಿಂಗಳಲ್ಲಿ ವಿಶೇಷ ಪ್ರಾರ್ಥನೆ, ತಿಂಗಳ ಮೊದಲ ಶುಕ್ರವಾರ ಬಲಿಪೂಜೆ. ಅದೇ ಪಟದ ಕೆಳಗೆ ಊಟಕ್ಕೆ ಕುಳಿತು ನಾವು ಉಪ್ಪಿನಕಾಯಿಗೆ ಎರಡನೆಯ ಸಲ ಕೈ ಚಾಚುತ್ತೇವೆ, ಊಟವಾದ ಮೇಲೆ ಬೀಡಿ ಹಚ್ಚುತ್ತೇವೆ, ಬಿ.ಪಿ. ಮಾತ್ರೆ ಮುಗಿದು ತಿಂಗಳಾದರೂ ಅಂಗಡಿಗೆ ಹೋಗುವುದಿಲ್ಲ. ಯಾರಾದರೂ ಕೇಳಿದರೆ ಉತ್ತರ ಸಿದ್ಧವಾಗಿರುತ್ತದೆ: "ದೇವರು ಕರೆದ ದಿನ ಹೋಗುವುದೇ. ಅದಕ್ಕೆ ಮುಂಚೆ ಯಾರೂ ಹೋಗುವುದಿಲ್ಲ."

ಈ ಮಾತು ವಿಶ್ವಾಸದ ಮಾತಿನಂತೆ ಕೇಳಿಸುತ್ತದೆ. ಆದರೆ ಇದು ನಿಜವಾಗಿಯೂ ವಿಶ್ವಾಸವೇ? ಅಥವಾ ವಿಶ್ವಾಸದ ಅಂಗಿ ತೊಟ್ಟ ಅಸಡ್ಡೆಯೇ? ಪ್ರತಿ ಕುಟುಂಬವೂ ಈ ಪ್ರಶ್ನೆಯನ್ನು ಕೇಳಿಕೊಳ್ಳಬೇಕಾಗಿದೆ.

ಶುಭಸಂದೇಶದಲ್ಲಿ ಪ್ರಭು ಯೇಸುವಿಗೆ ಬಂದ ಶೋಧನೆಗಳನ್ನು ನೆನಪಿಸಿಕೊಳ್ಳಿ. ಸೈತಾನನು ಅವರನ್ನು ಮಹಾದೇವಾಲಯದ ಶಿಖರಕ್ಕೆ ಕರೆದೊಯ್ದು, ಇಲ್ಲಿಂದ ಧುಮುಕು, ದೇವದೂತರು ನಿನ್ನನ್ನು ಕಾಪಾಡುತ್ತಾರೆ ಎಂದ. ಅದಕ್ಕೆ ಅವನು ಪವಿತ್ರ ಗ್ರಂಥದ ಮಾತನ್ನೇ ಆಧಾರ ಕೊಟ್ಟ. ಯೇಸು ಒಪ್ಪಲಿಲ್ಲ. ದೇವರನ್ನು ಪರೀಕ್ಷಿಸಬಾರದು ಎಂದರು. ಅಪಾಯಕ್ಕೆ ಬೇಕೆಂದೇ ಮೈಯೊಡ್ಡಿ "ದೇವರು ನೋಡಿಕೊಳ್ಳುತ್ತಾನೆ" ಎನ್ನುವುದು ಭರವಸೆಯಲ್ಲ, ಅದು ದೇವರಿಗೆ ಹಾಕುವ ಸವಾಲು. ಶಿಖರದಿಂದ ಒಮ್ಮೆಲೇ ಧುಮುಕುವುದಕ್ಕೂ, ದಿನಕ್ಕೆ ಒಂದು ಕಟ್ಟು ಬೀಡಿಯಂತೆ ಇಪ್ಪತ್ತು ವರ್ಷ ನಿಧಾನವಾಗಿ ಇಳಿಯುವುದಕ್ಕೂ ಎಷ್ಟು ವ್ಯತ್ಯಾಸ?

ಹಣೆಬರಹವಲ್ಲ

ಹೃದಯಾಘಾತ ವಯಸ್ಸಿನೊಂದಿಗೆ ಬರುವ ವಿಧಿ ಎಂದು ಒಂದು ಕಾಲದಲ್ಲಿ ವೈದ್ಯರೂ ಭಾವಿಸಿದ್ದರು. 1948ರಲ್ಲಿ ಅಮೆರಿಕದ ಫ್ರೇಮಿಂಗ್‌ಹ್ಯಾಮ್ ಎಂಬ ಪಟ್ಟಣದಲ್ಲಿ ಸುಮಾರು 5,200 ಸ್ತ್ರೀಪುರುಷರನ್ನು ವರ್ಷಗಟ್ಟಲೆ ಪರೀಕ್ಷಿಸುತ್ತಾ ಹೋಗುವ ಅಧ್ಯಯನ ಆರಂಭವಾಯಿತು. ಅಧಿಕ ರಕ್ತದೊತ್ತಡ, ರಕ್ತದಲ್ಲಿ ಹೆಚ್ಚಿದ ಕೊಲೆಸ್ಟರಾಲ್, ಧೂಮಪಾನ ಇವು ಹೃದಯಾಘಾತಕ್ಕೆ ದಾರಿ ಮಾಡುತ್ತವೆ ಎಂಬುದು ಅದರಿಂದ ಸ್ಪಷ್ಟವಾಯಿತು.

ಮುಂದೆ 2004ರಲ್ಲಿ 52 ದೇಶಗಳ ಜನರನ್ನು ಒಳಗೊಂಡ 'ಇಂಟರ್‌ಹಾರ್ಟ್' ಅಧ್ಯಯನ ಪ್ರಕಟವಾಯಿತು. ಅದರ ನೇತೃತ್ವ ವಹಿಸಿದ್ದ ಡಾ. ಸಲೀಂ ಯೂಸುಫ್ ಕೇರಳದವರು. ಅವರು ವೈದ್ಯಶಾಸ್ತ್ರ ಕಲಿತದ್ದು ನಮ್ಮ ಧರ್ಮಸಭೆಯೇ ನಡೆಸುತ್ತಿರುವ ಬೆಂಗಳೂರಿನ ಸೇಂಟ್ ಜಾನ್ಸ್ ವೈದ್ಯಕೀಯ ಕಾಲೇಜಿನಲ್ಲಿ. ಮೊದಲ ಹೃದಯಾಘಾತದ ಅಪಾಯದ ಶೇಕಡಾ 90ರಷ್ಟಕ್ಕೆ ಒಂಬತ್ತೇ ಅಂಶಗಳು ಸಂಬಂಧಪಟ್ಟಿವೆ ಎಂದು ಆ ಅಧ್ಯಯನ ತೋರಿಸಿತು. ತಂಬಾಕು, ರಕ್ತದಲ್ಲಿನ ಕೊಬ್ಬು, ರಕ್ತದೊತ್ತಡ, ಸಕ್ಕರೆ ಕಾಯಿಲೆ, ಹೊಟ್ಟೆಯ ಬೊಜ್ಜು, ಮನಸ್ಸಿನ ಒತ್ತಡ, ಹಣ್ಣು ತರಕಾರಿ ತಿನ್ನುವ ಅಭ್ಯಾಸ, ಮೈ ದಂಡನೆ, ಮದ್ಯದ ರೂಢಿ ಇವೇ ಆ ಒಂಬತ್ತು. ಇವುಗಳಲ್ಲಿ ಬಹುಪಾಲು ನಮ್ಮ ಅಡುಗೆಮನೆಯಲ್ಲಿ, ನಮ್ಮ ಜೇಬಿನಲ್ಲಿ, ನಮ್ಮ ದಿನಚರಿಯಲ್ಲಿ ಇರುವಂಥವು. ಭಾರತವೂ ಸೇರಿದಂತೆ ದಕ್ಷಿಣ ಏಷ್ಯಾದವರಿಗೆ ಮೊದಲ ಹೃದಯಾಘಾತ ಇತರರಿಗಿಂತ ಐದಾರು ವರ್ಷ ಮುಂಚೆಯೇ ಬರುತ್ತದೆ ಎಂಬುದೂ ಕಂಡುಬಂತು. ಮಕ್ಕಳ ಓದು ಮುಗಿಯದ, ಮನೆಯ ಸಾಲ ತೀರದ ವಯಸ್ಸು ಅದು.

ಹಾಗಾದರೆ ಅಸಡ್ಡೆ ಪಾಪವೇ?

ಜೀವ ಮತ್ತು ಆರೋಗ್ಯ ದೇವರು ನಮ್ಮ ಕೈಗೆ ಒಪ್ಪಿಸಿದ ಅಮೂಲ್ಯ ವರಗಳು, ಇತರರ ಅಗತ್ಯವನ್ನೂ ಸರ್ವರ ಹಿತವನ್ನೂ ಗಮನದಲ್ಲಿಟ್ಟು ಅವುಗಳನ್ನು ಸೂಕ್ತವಾಗಿ ನೋಡಿಕೊಳ್ಳಬೇಕು ಎಂದು 1992ರಲ್ಲಿ ಘೋಷಣೆಯಾದ ಧರ್ಮಸಭೆಯ ಸತ್ಯೋಪದೇಶ ಗ್ರಂಥ ಬೋಧಿಸುತ್ತದೆ. ಊಟ, ಮದ್ಯ, ತಂಬಾಕು, ಔಷಧಿ ಎಲ್ಲದರಲ್ಲೂ ಮಿತಿಮೀರುವುದನ್ನು ತ್ಯಜಿಸಬೇಕೆಂದೂ ಹೇಳುತ್ತದೆ. ಒಪ್ಪಿಸಿದ್ದು ಎಂಬ ಮಾತನ್ನು ಗಮನಿಸಿ. ಹೊಲ ನಮ್ಮದಲ್ಲ, ನಾವು ಗೇಣಿದಾರರು. ಒಡೆಯನು ಲೆಕ್ಕ ಕೇಳುವ ದಿನ "ನನ್ನ ಹೊಲ, ನನ್ನಿಷ್ಟ" ಎಂದು ಹೇಳಲಾಗದು.

ಆದರೆ ಇಲ್ಲಿ ಎಚ್ಚರ ಬೇಕು. ಹುಟ್ಟು ಕುರುಡನನ್ನು ನೋಡಿ ಶಿಷ್ಯರು, ಪಾಪ ಮಾಡಿದವನು ಇವನೋ ಇವನ ತಂದೆತಾಯಿಗಳೋ ಎಂದು ಕೇಳಿದಾಗ ಯೇಸು ಎರಡನ್ನೂ ತಳ್ಳಿಹಾಕಿದರು. ಹಿತಮಿತವಾಗಿ ಬಾಳಿದವರಿಗೂ ಹೃದ್ರೋಗ ಬರುತ್ತದೆ. ವಂಶದಿಂದ ಬರುವ ಅಪಾಯ ಯಾರ ತಪ್ಪೂ ಅಲ್ಲ. ಆದ್ದರಿಂದ ಆಸ್ಪತ್ರೆಯಲ್ಲಿ ಮಲಗಿರುವವರ ಬಳಿ ಹೋಗಿ "ನೀವು ಹಾಗೆ ತಿನ್ನಬಾರದಿತ್ತು" ಎನ್ನುವುದು ಧರ್ಮವಲ್ಲ. ಈ ಲೆಕ್ಕವನ್ನು ಪ್ರತಿಯೊಬ್ಬರೂ ತಮ್ಮ ತಮ್ಮ ಅಂತಃಸಾಕ್ಷಿಯ ಮುಂದೆ ಮಾತ್ರ ಇಡಬೇಕು.

ಎಷ್ಟರ ಮಟ್ಟಿಗೆ ಜಾಗ್ರತೆ ನಮ್ಮ ಕರ್ತವ್ಯ? ಪೋಪ್ ಹನ್ನೆರಡನೇ ಪಿಯುಸ್ 1957ರ ನವೆಂಬರ್‌ನಲ್ಲಿ ವೈದ್ಯರೊಂದಿಗೆ ಮಾತನಾಡುತ್ತಾ, ಜೀವರಕ್ಷಣೆಗಾಗಿ ಸಾಧಾರಣ ಉಪಾಯಗಳನ್ನು ಬಳಸುವುದು ಕರ್ತವ್ಯ, ತನಗಾಗಲಿ ಇತರರಿಗಾಗಲಿ ವಿಪರೀತ ಹೊರೆಯಾಗುವ ಉಪಾಯಗಳು ಸಾಮಾನ್ಯವಾಗಿ ಕಡ್ಡಾಯವಲ್ಲ ಎಂದು ವಿವರಿಸಿದರು. ಬಡ ಕುಟುಂಬಕ್ಕೆ ಇದು ಸಮಾಧಾನದ ಮಾತು. ಮನೆ ಮಾರಿ ಚಿಕಿತ್ಸೆ ಮಾಡಿಸಲಾಗಲಿಲ್ಲವೆಂದು ಯಾರೂ ಅಪರಾಧಿ ಭಾವದಿಂದ ನರಳಬೇಕಾಗಿಲ್ಲ. ಆದರೆ ಉಪ್ಪು ಕಡಿಮೆ ಮಾಡುವುದು, ನಡೆಯುವುದು, ತಂಬಾಕು ಬಿಡುವುದು, ಬಿ.ಪಿ. ನೋಡಿಸಿಕೊಳ್ಳುವುದು ಇವೆಲ್ಲ ಸಾಧಾರಣ ಉಪಾಯಗಳೇ. ಜನೌಷಧಿ ಕೇಂದ್ರಗಳಲ್ಲಿ ಬಿ.ಪಿ. ಮಾತ್ರೆ ಕಡಿಮೆ ಬೆಲೆಗೆ ದೊರೆಯುತ್ತದೆ.

ತಾಯಂದಿರಿಗೆ ಒಂದು ಮಾತು

ನಮ್ಮ ಮನೆಗಳಲ್ಲಿ ಇನ್ನೊಂದು ಬಗೆಯ ಅಸಡ್ಡೆ ಇದೆ. ಅದು ತ್ಯಾಗದ ಹೆಸರಿನಲ್ಲಿ ಬರುತ್ತದೆ. ಗಂಡನ ಮಾತ್ರೆ ತಪ್ಪದಂತೆ ನೋಡಿಕೊಳ್ಳುವ ತಾಯಿ, ಮಗನ ಫೀಸು ಕಟ್ಟಬೇಕೆಂದು ತನ್ನ ಮಾತ್ರೆಯನ್ನು ದಿನ ಬಿಟ್ಟು ದಿನ ನುಂಗುತ್ತಾಳೆ. ಮೆಟ್ಟಿಲು ಹತ್ತುವಾಗ ಏದುಸಿರು ಬಂದರೆ "ವಯಸ್ಸಾಯಿತಲ್ಲ" ಎಂದು ಸುಮ್ಮನಾಗುತ್ತಾಳೆ. ಆಕೆಯ ಪ್ರೀತಿ ದೊಡ್ಡದು, ಸಂಶಯವಿಲ್ಲ. ಆದರೆ ತನ್ನಂತೆಯೇ ನೆರೆಯವನನ್ನು ಪ್ರೀತಿಸಬೇಕೆಂಬ ಆಜ್ಞೆಯಲ್ಲಿ 'ತನ್ನಂತೆ' ಎಂಬ ಮಾತೂ ಇದೆ. ಅಮ್ಮ ಇಲ್ಲದ ಮನೆ ಮಕ್ಕಳಿಗೆ ಎಂಥದೆಂದು ಯೋಚಿಸಿದರೆ, ಮಾತ್ರೆ ಉಳಿಸಿದ್ದು ತ್ಯಾಗವೋ ನಷ್ಟವೋ ತಿಳಿಯುತ್ತದೆ. ಗಂಡಂದಿರೇ, ಮಕ್ಕಳೇ, ಇದನ್ನು ಕೇಳಿ ತಿಳಿದುಕೊಳ್ಳುವ ಹೊಣೆ ನಿಮ್ಮದು. ಅವರಾಗಿ ಹೇಳುವುದಿಲ್ಲ.

ಸಾಮಾನ್ಯವಾಗಿ ಕೇಳುವ ಪ್ರಶ್ನೆಗಳು

"ನನಗೇನೂ ತೊಂದರೆಯಿಲ್ಲ, ಬಿ.ಪಿ. ಯಾಕೆ ನೋಡಿಸಬೇಕು?" ಏರಿದ ರಕ್ತದೊತ್ತಡ ಬಹುಮಟ್ಟಿಗೆ ಯಾವ ಸೂಚನೆಯನ್ನೂ ಕೊಡುವುದಿಲ್ಲ. ಬೇರೆ ಬೇರೆ ದಿನ ನೋಡಿದಾಗಲೂ 140/90 ಅಥವಾ ಅದಕ್ಕಿಂತ ಹೆಚ್ಚಿದ್ದರೆ ವೈದ್ಯರನ್ನು ಕಾಣಲೇಬೇಕು.

"ಬಿ.ಪಿ. ಸರಿಹೋಯಿತು, ಮಾತ್ರೆ ನಿಲ್ಲಿಸಬಹುದೇ?" ಅದು ಸರಿಯಾಗಿರುವುದು ಮಾತ್ರೆಯಿಂದಲೇ ಇರಬಹುದು. ವೈದ್ಯರು ಹೇಳದೆ ನಿಲ್ಲಿಸಬೇಡಿ.

"ಉಪ್ಪು ಎಷ್ಟು?" ವಿಶ್ವ ಆರೋಗ್ಯ ಸಂಸ್ಥೆಯ ಸಲಹೆ ದಿನಕ್ಕೆ ಒಬ್ಬರಿಗೆ 5 ಗ್ರಾಮಿಗಿಂತ ಕಡಿಮೆ, ಅಂದರೆ ಹೆಚ್ಚೆಂದರೆ ಒಂದು ಟೀ ಚಮಚ. ಉಪ್ಪಿನಕಾಯಿ, ಹಪ್ಪಳ, ಒಣಮೀನು, ಅಂಗಡಿಯ ಖಾರದ ತಿಂಡಿಗಳಲ್ಲಿರುವ ಉಪ್ಪೂ ಈ ಲೆಕ್ಕಕ್ಕೆ ಸೇರುತ್ತದೆ.

"ಇಷ್ಟು ವರ್ಷ ಸೇದಿದ್ದೇನೆ, ಈಗ ಬಿಟ್ಟು ಏನು ಪ್ರಯೋಜನ?" ಸಿಗರೇಟು ಬಿಟ್ಟ ಒಂದು ವರ್ಷದೊಳಗೆ ಅದರಿಂದ ಹೃದಯಕ್ಕೆ ಹೆಚ್ಚಿದ್ದ ಅಪಾಯ ಸುಮಾರು ಅರ್ಧಕ್ಕೆ ಇಳಿಯುತ್ತದೆ. ತಡವಾಗಿ ತೋಟಕ್ಕೆ ಬಂದ ಆಳಿಗೂ ಕೂಲಿ ಉಂಟು. ಗುಟ್ಕಾ, ಕಡ್ಡಿಪುಡಿಗಳೂ ಹೃದಯಕ್ಕೆ ಹಾನಿಯೇ.

"ಸಂತ ಪೌಲರೇ ತಿಮೊಥೇಯನಿಗೆ ಸ್ವಲ್ಪ ದ್ರಾಕ್ಷಾರಸ ಕುಡಿ ಎಂದಿಲ್ಲವೇ?" ಅವರು ಹೇಳಿದ್ದು ಕಾಯಿಲೆಯ ಹೊಟ್ಟೆಗೆ, ಸ್ವಲ್ಪ ಎಂದು. ಮದ್ಯಕ್ಕೆ ಸುರಕ್ಷಿತ ಪ್ರಮಾಣವೆಂಬುದೇ ಇಲ್ಲ ಎಂದು ವಿಶ್ವ ಆರೋಗ್ಯ ಸಂಸ್ಥೆ 2023ರಲ್ಲಿ ಹೇಳಿದೆ. ಹೃದಯದ ಹೆಸರಿನಲ್ಲಿ ಗ್ಲಾಸು ಎತ್ತುವುದು ಬೇಡ.

"ನಮ್ಮ ತಂದೆಗೆ ಹೃದಯಾಘಾತವಾಗಿತ್ತು, ನನಗೂ ಆಗುವುದೇ?" ಆಗಲೇಬೇಕೆಂದಿಲ್ಲ. ತಂದೆ ಅಥವಾ ಅಣ್ಣತಮ್ಮಂದಿರಿಗೆ 55ರೊಳಗೆ, ತಾಯಿ ಅಥವಾ ಅಕ್ಕತಂಗಿಯರಿಗೆ 65ರೊಳಗೆ ಬಂದಿದ್ದರೆ, ನೀವು ಇತರರಿಗಿಂತ ಮೊದಲೇ ಪರೀಕ್ಷೆ ಮಾಡಿಸಿಕೊಳ್ಳಿ.

"ಎದೆ ಉರಿ ಗ್ಯಾಸೋ ಹೃದಯದ್ದೋ?" ಮನೆಯಲ್ಲಿ ಕುಳಿತು ಇದನ್ನು ತೀರ್ಮಾನಿಸಲಾಗದು. ಎದೆಯ ಬಿಗಿತ, ತೋಳಿಗೆ ಅಥವಾ ದವಡೆಗೆ ಹರಡುವ ನೋವು, ತಣ್ಣನೆಯ ಬೆವರು, ಏದುಸಿರು ಕಂಡರೆ ಸೋಡಾ ಕುಡಿದು ಕಾಯಬೇಡಿ. ಹೆಂಗಸರಲ್ಲೂ ಸಕ್ಕರೆ ಕಾಯಿಲೆಯವರಲ್ಲೂ ಎದೆನೋವೇ ಇಲ್ಲದೆ ಸುಸ್ತು, ವಾಕರಿಕೆ ಮಾತ್ರ ಇರಬಹುದು. ಕೂಡಲೇ 108ಕ್ಕೆ ಕರೆ ಮಾಡಿ, ಇಸಿಜಿ ಇರುವ ಆಸ್ಪತ್ರೆಗೆ ಹೋಗಿ. ನಿಮಿಷ ಕಳೆದಷ್ಟೂ ಹೃದಯದ ಸ್ನಾಯು ಸಾಯುತ್ತಾ ಹೋಗುತ್ತದೆ. ನಟ ಪುನೀತ್ ರಾಜ್‌ಕುಮಾರ್ 2021ರ ಅಕ್ಟೋಬರ್ 29ರಂದು 46ನೇ ವಯಸ್ಸಿನಲ್ಲಿ ತೀರಿಕೊಂಡ ಮೇಲೆ, ಅವರ ಹೆಸರಿನಲ್ಲಿ ಕರ್ನಾಟಕ ಸರ್ಕಾರ 'ಹೃದಯಜ್ಯೋತಿ' ಯೋಜನೆಯನ್ನು ತಂದಿತು. ಹೆಪ್ಪುಗಟ್ಟಿದ ರಕ್ತವನ್ನು ಕರಗಿಸುವ ದುಬಾರಿ ಚುಚ್ಚುಮದ್ದನ್ನು ತಾಲ್ಲೂಕು ಆಸ್ಪತ್ರೆಗಳಲ್ಲೇ ಉಚಿತವಾಗಿ ಕೊಡುವುದು ಅದರ ಉದ್ದೇಶ.

ಭಯವೂ ಬೇಡ, ಪೂಜೆಯೂ ಬೇಡ

ಪುನೀತ್ ತೀರಿಕೊಂಡಾಗ ಎಷ್ಟೋ ಜನ ಹೆದರಿ ಆಸ್ಪತ್ರೆಗೆ ಓಡಿದರು. ಭಯ ಕೆಲವು ದಿನ ಓಡಿಸುತ್ತದೆ, ಆಮೇಲೆ ಆರಿಹೋಗುತ್ತದೆ. ವಿವೇಕ ಹಾಗಲ್ಲ, ಅದು ದಿನದಿನವೂ ನಡೆಯುತ್ತದೆ. ವಾರಕ್ಕೆ 150 ನಿಮಿಷ ಬಿರುಸಾಗಿ ನಡೆದರೂ ಸಾಕು ಎಂದು ವೈದ್ಯರು ಹೇಳುತ್ತಾರೆ. ದಿನಕ್ಕೆ ಅರ್ಧ ಗಂಟೆಯಂತೆ ಐದು ದಿನ. ಜಪಸರ ಹಿಡಿದು ನಡೆದರೆ ಎರಡೂ ಆಯಿತು.

ಹಾಗೆಂದು ದೇಹವನ್ನೇ ದೇವರು ಮಾಡಿಕೊಳ್ಳುವುದೂ ಸಲ್ಲದು. ಅದನ್ನೂ ಧರ್ಮಸಭೆ ಎಚ್ಚರಿಸಿದೆ. ಸಾವು ಎಲ್ಲರಿಗೂ ಬರುವುದೇ. ಹೃದಯವನ್ನು ಕಾಯುವುದು ಸಾವಿಗೆ ಹೆದರಿ ಅಲ್ಲ. ಪ್ರೀತಿಸಲು, ದುಡಿಯಲು, ಕ್ಷಮಿಸಲು ದೇವರು ಕೊಟ್ಟ ದಿನಗಳನ್ನು ನಮ್ಮ ಕೈಯಾರೆ ಕಡಿಮೆ ಮಾಡಿಕೊಳ್ಳಬಾರದೆಂದು.

ಇದು ಒಬ್ಬೊಬ್ಬರಿಂದಲೇ ಆಗುವ ಕೆಲಸವಲ್ಲ. ಭಾನುವಾರದ ಬಲಿಪೂಜೆಯ ನಂತರ ಧರ್ಮಕೇಂದ್ರದಲ್ಲಿ ತಿಂಗಳಿಗೊಮ್ಮೆ ಬಿ.ಪಿ. ನೋಡಿಸುವ ಏರ್ಪಾಡು ಮಾಡಬಹುದಲ್ಲವೇ? ಯಂತ್ರ ಒಂದು ಸಾಕು, ನರ್ಸ್ ಆಗಿರುವ ಹೆಣ್ಣುಮಕ್ಕಳು ನಮ್ಮ ಸಭೆಯಲ್ಲೇ ಇದ್ದಾರೆ. ಹಬ್ಬದ ಊಟದಲ್ಲಿ ಕರಿದ ಮಾಂಸದ ಪಕ್ಕದಲ್ಲಿ ಒಂದು ತಟ್ಟೆ ಹಣ್ಣೂ ಇರಬಹುದಲ್ಲವೇ? ತಪಸ್ಸು ಕಾಲದಲ್ಲಿ ನಲವತ್ತು ದಿನ ಬಿಟ್ಟ ಬೀಡಿಯನ್ನು ಪುನರುತ್ಥಾನದ ಹಬ್ಬದ ಬೆಳಿಗ್ಗೆ ಮತ್ತೆ ಹಚ್ಚಲೇಬೇಕೇ?

ಇಂದು ರಾತ್ರಿ ಕುಟುಂಬ ಪ್ರಾರ್ಥನೆ ಮುಗಿದ ಮೇಲೆ ಒಬ್ಬರನ್ನೊಬ್ಬರು ಕೇಳಿಕೊಳ್ಳಿ: ನಿಮ್ಮ ಬಿ.ಪಿ. ನೋಡಿಸಿ ಎಷ್ಟು ದಿನವಾಯಿತು? ಮಾತ್ರೆ ಇದೆಯೇ, ಮುಗಿದಿದೆಯೇ? ಇದು ವೈದ್ಯರ ಪ್ರಶ್ನೆ ಮಾತ್ರವಲ್ಲ, ಪ್ರೀತಿಯ ಪ್ರಶ್ನೆಯೂ ಹೌದು.