ಹತ್ತು ವರ್ಷ ಯಾರ ಪಾಲಿಗೆ?

ನಾಟ್ಯ, ಸಂಗೀತದ ಮಾತು ಬಂದಾಗಲೆಲ್ಲ ನಮ್ಮವರ ನಡುವಿನ ಚರ್ಚೆ ಒಂದೇ ಕಡೆ ಹೋಗಿ ನಿಲ್ಲುತ್ತದೆ: ಅದು ಸಮ್ಮತವೇ, ನಿಷಿದ್ಧವೇ? ಆ ಪ್ರಶ್ನೆಗೆ ಉತ್ತರ ಹೇಳಲು ಉಲಮಾಗಳಿದ್ದಾರೆ. ಅವರಲ್ಲೂ ಹಿಂದಿನಿಂದ ಒಮ್ಮತವಿಲ್ಲ. ಸಮಾದ ಬಗ್ಗೆ ಸೂಫಿಗಳೂ ಫಕೀಹರೂ ಶತಮಾನಗಳಿಂದ ವಾದಿಸಿದ್ದಾರೆ. ನಾವು ಇಲ್ಲಿ ಎತ್ತಬೇಕೆಂದಿರುವುದು ಅದಕ್ಕೂ ಮೊದಲಿನ ಒಂದು ಪ್ರಶ್ನೆಯನ್ನು. ಒಬ್ಬ ಹುಡುಗಿ ತನ್ನ ಆಯುಷ್ಯದ ಹತ್ತು ವರ್ಷಗಳನ್ನು ಒಂದು ವಿದ್ಯೆಗೆ ಕೊಡಬೇಕೆಂದುಕೊಂಡರೆ, ಆ ಹತ್ತು ವರ್ಷ ಅವಳದೋ, ಮನೆಯದೋ, ಗುರುವಿನದೋ, ಊರಿನದೋ?

ಈ ಪ್ರಶ್ನೆಯನ್ನು ಪುಸ್ತಕದಲ್ಲಿ ಹುಡುಕಬೇಕಾಗಿಲ್ಲ. ಬೆಂಗಳೂರಿನ ಈ ಮಗ್ಗುಲಿಗೆ ನಮ್ಮ ಮರಳವಾಡಿ ಇದ್ದರೆ ಆ ಮಗ್ಗುಲಿಗೆ ಹೆಸರಘಟ್ಟವಿದೆ. ಅಲ್ಲಿ 1990ರಲ್ಲಿ ಒಡಿಸ್ಸಿ ಕಲಾವಿದೆ ಪ್ರೋತಿಮಾ ಬೇಡಿ ‘ನೃತ್ಯಗ್ರಾಮ’ವನ್ನು ಕಟ್ಟಿದರು. ರಾಜ್ಯ ಸರ್ಕಾರದಿಂದ ಗುತ್ತಿಗೆಗೆ ಪಡೆದ ಹತ್ತು ಎಕರೆ ನೆಲ, ವಾಸ್ತುಶಿಲ್ಪಿ ಜೆರಾರ್ಡ್ ಡ ಕುನ್ಹಾ ರೂಪಿಸಿದ ಕಲ್ಲು ಮಣ್ಣಿನ ಮನೆಗಳು. ಪ್ರೋತಿಮಾ ಒಂದು ಕಾಲಕ್ಕೆ ಮುಂಬಯಿಯ ರೂಪದರ್ಶಿ. 1975ರಲ್ಲಿ ಒಡಿಸ್ಸಿ ಕಾರ್ಯಕ್ರಮವೊಂದನ್ನು ಕಂಡು ಮರುಳಾಗಿ, ಇಪ್ಪತ್ತಾರರ ಆಸುಪಾಸಿನ ವಯಸ್ಸಿನಲ್ಲಿ ಕೇಳುಚರಣ ಮಹಾಪಾತ್ರರ ಬಳಿ ಶಿಷ್ಯೆಯಾದವರು. ಅಷ್ಟು ತಡವಾಗಿ ಶುರು ಮಾಡಿದ್ದರಿಂದಲೇ ಏನೋ, ಮಕ್ಕಳಿಗೆ ಎಳೆಯದರಲ್ಲೇ ಕಲಿಯುವ ಜಾಗವೊಂದು ಬೇಕೆಂದು ಅವರಿಗೆ ಅನ್ನಿಸಿರಬೇಕು. 1998ರ ಆಗಸ್ಟಿನಲ್ಲಿ ಕೈಲಾಸ ಮಾನಸ ಸರೋವರದ ದಾರಿಯಲ್ಲಿ ಮಾಲ್ಪಾ ಎಂಬಲ್ಲಿ ಗುಡ್ಡ ಕುಸಿದು ಅವರು ತೀರಿಕೊಂಡರು. ಸ್ಥಾಪಕರು ಹೋದ ಮೇಲೆ ಇಂಥ ಸಂಸ್ಥೆಗಳು ಮುಚ್ಚುವುದೇ ರೂಢಿ. ಇದು ಮುಚ್ಚಲಿಲ್ಲ. ಮೊದಲ ತಲೆಮಾರಿನ ಶಿಷ್ಯೆ ಸುರೂಪಾ ಸೇನ್, ಅವರ ಜೊತೆಗಾತಿ ಬಿಜಯಿನಿ ಸತ್ಪತಿ, ಆಡಳಿತ ನೋಡಿಕೊಂಡ ಲಿನ್ ಫೆರ್ನಾಂಡಿಸ್ ಅದನ್ನು ಹೊತ್ತುಕೊಂಡರು. ತಂಡ ನ್ಯೂಯಾರ್ಕಿನ ಜಾಯ್ಸ್ ಥಿಯೇಟರ್‌ವರೆಗೂ ಹೋಯಿತು. ಶ್ರೀಲಂಕಾದ ಚಿತ್ರಸೇನ ತಂಡದೊಡನೆ ಸೇರಿ, ಕ್ಯಾಂಡಿಯ ಕುಣಿತವನ್ನೂ ಒಡಿಸ್ಸಿಯನ್ನೂ ಎದುರುಬದುರು ನಿಲ್ಲಿಸಿ ‘ಸಂಹಾರ’ ಎಂಬ ಪ್ರಯೋಗ ಮಾಡಿತು.

ನಮಗೆ ಇವರೆಲ್ಲರಿಗಿಂತ ಹೆಚ್ಚು ಕುತೂಹಲ ಹುಟ್ಟಿಸುವ ಹೆಸರು ಪವಿತ್ರಾ ರೆಡ್ಡಿಯವರದು. ನೃತ್ಯಗ್ರಾಮವು ಸುತ್ತಲಿನ ಹಳ್ಳಿಗಳ ಮಕ್ಕಳಿಗೆ ಉಚಿತವಾಗಿ ನಾಟ್ಯ ಕಲಿಸುತ್ತ ಬಂದಿದೆ. ಪವಿತ್ರಾ ಹಾಗೆ 1990ರಲ್ಲಿ ಒಳಗೆ ಬಂದ ಮಗು. ವರ್ಷಗಳ ಅಭ್ಯಾಸದ ನಂತರ ಅದೇ ತಂಡದ ಮುಖ್ಯ ಕಲಾವಿದೆಯಾಗಿ ದೇಶ ವಿದೇಶಗಳಲ್ಲಿ ಕುಣಿದರು. ಒಡಿಶಾದ ನಾಟ್ಯವನ್ನು ಕನ್ನಡದ ಹಳ್ಳಿಯ ಹುಡುಗಿಯೊಬ್ಬಳು ಕಲಿತು ಅಮೆರಿಕದವರ ಮುಂದೆ ಆಡಿದ ಬಗೆ ಇದು. ಚಪ್ಪಾಳೆಯ ಸದ್ದಿನಲ್ಲಿ ನಾವು ಮರೆಯುವುದು ನಡುವಿನ ವರ್ಷಗಳನ್ನು. ಬೆಳಕು ಹರಿಯುವ ಮೊದಲೇ ಏಳುವುದು, ಕಸ ಗುಡಿಸುವುದು, ಓಟ, ವ್ಯಾಯಾಮ, ತೋಟದ ಕೆಲಸ, ಆಮೇಲೆ ಗಂಟೆಗಟ್ಟಲೆ ರಿಯಾಜ್. ಒಡಿಸ್ಸಿಯ ಮೂಲ ನಿಲುವು ‘ಚೌಕ’. ಮಂಡಿ ಅಗಲಿಸಿ ಅರ್ಧ ಕುಳಿತಂತೆ, ನಾಲ್ಕು ಮೂಲೆ ಸರಿಸಮ ಬರುವಂತೆ ನಿಲ್ಲುವುದು. ಐದು ನಿಮಿಷ ಹಾಗೆ ನಿಂತು ನೋಡಿದರೆ ನಮ್ಮಂಥವರಿಗೆ ಗೊತ್ತಾಗುತ್ತದೆ, ತೊಡೆ ನಡುಗಲು ಶುರುವಾಗುತ್ತದೆ.

ಒಟ್ಟಿಗೆ ಉಣ್ಣುವುದು, ಒಟ್ಟಿಗೆ ದುಡಿಯುವುದು, ಒಬ್ಬ ಹಿರಿಯರ ಮಾತಿಗೆ ನಡೆಯುವುದು. ಇದು ನಮಗೆ ಹೊಸದಲ್ಲ. ಖಾನ್‌ಖಾಹ್‌ಗಳ ಕ್ರಮವೇ ಇದು. ಕಲಬುರಗಿಯಲ್ಲಿ ಹಜರತ್ ಬಂದೇನವಾಜರ ಕಾಲಕ್ಕೂ ಮುರೀದನಾಗಲು ಬಂದವನು ಮೊದಲು ಅದಬ್ ಕಲಿಯಬೇಕಿತ್ತು. ಪೀರ್ ಎದುರು ಮುರೀದ್ ಇರಬೇಕಾದದ್ದು ಮಯ್ಯತ್ ತೊಳೆಯುವವನ ಕೈಯಲ್ಲಿರುವ ಶವದಂತೆ ಎಂಬ ಹಳೆಯ ಮಾತೊಂದು ಸೂಫಿಗಳಲ್ಲಿದೆ. ಉಸ್ತಾದ್ ಶಾಗಿರ್ದರ ಗಂಡಾ ಕಟ್ಟುವ ಪದ್ಧತಿಯ ಬೇರೂ ಅಂಥದೇ ಭಾವದಲ್ಲಿದೆ.

ಆದರೆ ಈ ಶರಣಾಗತಿಯನ್ನು ಹಾಡಿ ಹೊಗಳುವ ಮೊದಲು ಸ್ವಲ್ಪ ತಡೆಯಬೇಕು. ಶವಕ್ಕೆ ಬೇಡ ಎನ್ನಲು ಬಾಯಿಲ್ಲ. ಗುರುವೆಂಬ ಹೆಸರಿನ ಮರೆಯಲ್ಲಿ ಎಳೆಯರ ಮೇಲೆ ನಡೆದಿರುವ ಅನ್ಯಾಯಗಳು ಮದರಸೆಯಲ್ಲಿರಲಿ, ಮಠದಲ್ಲಿರಲಿ, ಕಲಾಶಾಲೆಯಲ್ಲಿರಲಿ, ಈಚಿನ ವರ್ಷಗಳಲ್ಲಿ ಒಂದೊಂದೇ ಹೊರಬಂದಿವೆ. ಆದ್ದರಿಂದ ಸಮುದಾಯ ಜೀವನ ತನ್ನಷ್ಟಕ್ಕೇ ಒಳ್ಳೆಯದೆಂದು ನಾವು ಒಪ್ಪುವುದಿಲ್ಲ. ಅಲ್ಲಿ ಪೊರಕೆ ಎಲ್ಲರ ಕೈಗೂ ಬರುತ್ತದೆಯೇ, ಕಲಿತವಳು ಮುಂದೆ ಕಲಿಸುವವಳಾಗುತ್ತಾಳೆಯೇ, ಬಿಟ್ಟು ಹೋಗುವವಳಿಗೆ ಬಾಗಿಲು ತೆರೆದಿದೆಯೇ, ಇಷ್ಟನ್ನು ಕೇಳಬೇಕು. ಬಿಜಯಿನಿ ಇಪ್ಪತ್ತೈದು ವರ್ಷದಷ್ಟು ಕಾಲ ಅಲ್ಲಿದ್ದು ನಂತರ ಹೊರಬಂದು ತಮ್ಮದೇ ನೃತ್ಯ ಸಂಯೋಜನೆಗಳಿಂದ ಹೆಸರು ಮಾಡಿದರು. ಹೊರಬಂದವಳು ಕುಣಿಯುತ್ತಲೇ ಇದ್ದಾಳೆ ಎಂಬುದು ಅವಳ ಗುರುಕುಲಕ್ಕೂ ಗೌರವವೇ.

ವಿದೇಶದ ಮಾತು ಬಂದಾಗ ನಮಗೆ ನೆನಪಾಗುವವರು ಜೊಹ್ರಾ ಸೆಹಗಲ್. 1912ರಲ್ಲಿ ಹುಟ್ಟಿದ ಸಾಹಿಬ್‌ಜಾದಿ ಜೊಹ್ರಾ ಮುಮ್ತಾಜುಲ್ಲಾ ಖಾನ್, ಲಾಹೋರಿನ ಕ್ವೀನ್ ಮೇರಿ ಕಾಲೇಜಿನಲ್ಲಿ ಪರ್ದಾದೊಳಗೆ ಓದಿದ ಹುಡುಗಿ. 1930ರಲ್ಲಿ ಸೋದರಮಾವ ಅವರನ್ನು ಕಾರಿನಲ್ಲಿ ಕೂರಿಸಿಕೊಂಡು ಇರಾನ್, ಪ್ಯಾಲೆಸ್ಟೈನ್ ದಾಟಿ ಈಜಿಪ್ಟಿನವರೆಗೆ, ಅಲ್ಲಿಂದ ಹಡಗಿನಲ್ಲಿ ಯುರೋಪಿಗೆ ಕರೆದೊಯ್ದರು. ಜರ್ಮನಿಯ ಡ್ರೆಸ್ಡನ್‌ನಲ್ಲಿ ಮೇರಿ ವಿಗ್ಮನ್ ಶಾಲೆಯಲ್ಲಿ ಮೂರು ವರ್ಷ ಕಲಿತು, 1935ರಿಂದ ಉದಯಶಂಕರರ ತಂಡದಲ್ಲಿ ದೇಶ ದೇಶ ಸುತ್ತಿ, ಆಮೇಲೆ ಹಿಮಾಲಯದ ಅಲ್ಮೋರಾದಲ್ಲಿ ಉದಯಶಂಕರರ ಕೇಂದ್ರದಲ್ಲಿ ಪಾಠ ಹೇಳಿದರು. ಅದೂ ಗುರು ಶಿಷ್ಯರು ಕೂಡಿ ಬಾಳಿದ ಜಾಗವೇ. ಉಸ್ತಾದ್ ಅಲ್ಲಾವುದ್ದೀನ್ ಖಾನರು ಅಲ್ಲಿ ಸಂಗೀತ ಕಲಿಸಿದರು, ಬೆಂಗಳೂರಿನಲ್ಲಿ ಹುಟ್ಟಿದ ಗುರುದತ್ತ್ ಅಲ್ಲಿ ವಿದ್ಯಾರ್ಥಿಯಾಗಿದ್ದರು. ಹಣ ಸಾಲದೆ ಕೆಲವೇ ವರ್ಷಗಳಲ್ಲಿ ಅದು ಮುಚ್ಚಿತು. ಜೊಹ್ರಾ 2014ರಲ್ಲಿ 102ರ ವಯಸ್ಸಿನಲ್ಲಿ ತೀರಿಕೊಂಡಾಗ ಎಲ್ಲರೂ ಅವರ ನಗುವನ್ನು, ಮಾತಿನ ಚುರುಕನ್ನು ನೆನೆದರು. ನಾವು ಆ ಸೋದರಮಾವನನ್ನು ನೆನೆದೆವು. ಆತ ಕೊಟ್ಟದ್ದು ಕಾರಿನ ಪಯಣವನ್ನಲ್ಲ, ಮೂರು ವರ್ಷವನ್ನು.

ನವಾಬರ ಮನೆತನಕ್ಕೆ ಅದು ಸಾಧ್ಯ, ಬಡವರಿಗೆ ಎಲ್ಲಿಂದ ಬರಬೇಕು ಎಂದು ಯಾರಾದರೂ ಕೇಳಬಹುದು, ಕೇಳಲೇಬೇಕು. ಗುರುಕುಲದಂಥ ಏರ್ಪಾಡಿನ ನಿಜವಾದ ಬೆಲೆ ಇರುವುದು ಇಲ್ಲಿಯೇ. ಮಾವನಿಲ್ಲದ ಹುಡುಗಿಗೆ ಅದು ಮಾವನ ಕೆಲಸ ಮಾಡುತ್ತದೆ. ಹೊರದೇಶದ ಪ್ರದರ್ಶನಗಳ ಗಳಿಕೆ ನೃತ್ಯಗ್ರಾಮದ ಆಧಾರಗಳಲ್ಲಿ ಒಂದು. ನ್ಯೂಯಾರ್ಕಿನಲ್ಲಿ ಯಾರೋ ಕೊಂಡ ಟಿಕೆಟ್ಟಿನ ದುಡ್ಡು ಹೆಸರಘಟ್ಟದ ಪಕ್ಕದ ಹಳ್ಳಿಯ ಮಗುವಿನ ಕಾಲಿನ ಗೆಜ್ಜೆಗೆ ಸೇರುವುದಾದರೆ, ವಿದೇಶದ ಚಪ್ಪಾಳೆಯನ್ನು ಮೂಗು ಮುರಿದು ನೋಡಲು ನಮಗಂತೂ ಮನಸ್ಸಿಲ್ಲ.

ಇದು ಅವರ ಧರ್ಮದ ನಾಟ್ಯ, ನಮಗೇಕೆ ಎನ್ನುವವರಿಗೆ ಒಂದು ಮಾತು. ಒಡಿಸ್ಸಿಯಲ್ಲಿ ಅಭಿನಯಿಸುವ ಪದಗಳಲ್ಲಿ 17ನೇ ಶತಮಾನದ ಸಾಲಬೇಗನವೂ ಇವೆ. ಆತ ಮೊಗಲ್ ಅಧಿಕಾರಿಯ ಮಗ, ಜಗನ್ನಾಥನ ಭಕ್ತ. ಪುರಿಯ ಗುಡಿಯೊಳಗೆ ಅವನಿಗೆ ಪ್ರವೇಶವಿರಲಿಲ್ಲ. ಇಂದಿಗೂ ರಥ ಅವನ ಸಮಾಧಿಯ ಬಳಿ ಒಮ್ಮೆ ನಿಂತು ಮುಂದೆ ಸಾಗುತ್ತದೆ.

ಈಗ ನಮ್ಮ ಸೀಮೆಗೆ ಬರೋಣ. ರಾಮನಗರ, ಕನಕಪುರ, ಮಾಗಡಿಗಳಲ್ಲಿ ರೇಷ್ಮೆ ನೂಲು ಬಿಚ್ಚುವ ಮನೆಗಳಲ್ಲಿ ಬಹಳಷ್ಟು ನಮ್ಮವರವು. ಅಲ್ಲಿಯೂ ಒಟ್ಟಿಗೆ ದುಡಿಮೆಯಿದೆ, ಬೆಳಕು ಹರಿಯುವ ಮೊದಲೇ ಏಳುವುದಿದೆ, ಎಳೆಯ ಕೈಗಳ ವರ್ಷಗಟ್ಟಲೆ ತಾಲೀಮಿದೆ. ಕುದಿನೀರಿನಲ್ಲಿ ಬೆಂದ ಗೂಡಿನಿಂದ ಎಳೆಯ ತುದಿ ಹಿಡಿಯುವ ಬೆರಳು ಚೌಕದಲ್ಲಿ ನಿಂತ ಮಂಡಿಗಿಂತ ಕಡಿಮೆ ಕಲಿತದ್ದಲ್ಲ. 2003ರಲ್ಲಿ ಹ್ಯೂಮನ್ ರೈಟ್ಸ್ ವಾಚ್ ಸಂಸ್ಥೆ ರೇಷ್ಮೆ ಉದ್ಯಮದ ಬಾಲಕಾರ್ಮಿಕರ ಬಗ್ಗೆ ವರದಿ ತಂದಾಗ ಅದರಲ್ಲಿ ಕರ್ನಾಟಕದ ಮಕ್ಕಳೂ ಇದ್ದರು. ಆ ಬೆರಳುಗಳ ಹತ್ತು ವರ್ಷ ಯಾರ ಪಾಲಿಗೆ ಹೋಯಿತು? ನಾಟ್ಯ ಹರಾಮೋ ಹಲಾಲೋ ಎಂದು ಜುಮ್ಮಾದ ನಂತರ ಗಂಟಲು ಹರಿದುಕೊಳ್ಳುವ ನಾವು ಇದನ್ನು ಎಷ್ಟು ಸಲ ಕೇಳಿದ್ದೇವೆ? ಮಕ್ಕಳ ದುಡಿಮೆ ಈಗ ಅಷ್ಟಿಲ್ಲವೆಂದು ರೀಲರುಗಳು ಹೇಳುತ್ತಾರೆ. ನಿಜವೇ ಇರಬಹುದು. ಹುಡುಗಿಯರು ಈಗ ಶಾಲೆಗೆ ಹೋಗುತ್ತಾರೆ, ಹತ್ತನೆಯ ತರಗತಿ ಮುಗಿಸುತ್ತಾರೆ. ಆಮೇಲಿನ ವರ್ಷಗಳ ಲೆಕ್ಕ ಮಾತ್ರ ಅವರ ಕೈಗೆ ಇನ್ನೂ ಬಂದಿಲ್ಲ.

ಹೆಸರಘಟ್ಟದ ಸಂಗತಿಯನ್ನು ನಮ್ಮ ಓಣಿಯ ಖಾಲಾ ಒಬ್ಬರಿಗೆ ಹೇಳಿದೆವು. ಗಲ್ಲದ ಮೇಲೆ ಕೈಯಿಟ್ಟು ಕೇಳಿದರು. “ಅಲ್ಲ ಬೇಟಾ, ಹತ್ತು ವರ್ಷ ಅಲ್ಲೇ ಇದ್ದರೆ ಆ ಹುಡುಗಿಯ ಶಾದಿ ಯಾವಾಗ?”

“ಅವಳಿಗೆ ಬೇಕು ಅನ್ನಿಸಿದಾಗ, ಖಾಲಾ.”

“ಹಾಗೂ ಆಗುತ್ತದಾ?” ಎಂದರು. ಆ ಮಾತಿನಲ್ಲಿ ತಿರಸ್ಕಾರವಿರಲಿಲ್ಲ. ತುಸು ಹೊತ್ತು ಸುಮ್ಮನಿದ್ದು, ತಮಗೆ ನಿಕಾಹ್ ಆದಾಗ ಹದಿಮೂರೋ ಹದಿನಾಲ್ಕೋ, ಸರಿಯಾಗಿ ನೆನಪಿಲ್ಲ ಎಂದರು. ಅವರ ಮೊಮ್ಮಗಳು ಈಗ ದ್ವಿತೀಯ ಪಿಯುಸಿ, ಲೆಕ್ಕದಲ್ಲಿ ಚುರುಕು, ದಿನಾ ಬಸ್ಸು ಹಿಡಿದು ಕಾಲೇಜಿಗೆ ಹೋಗಿಬರುತ್ತಾಳೆ. ಪರೀಕ್ಷೆ ಮುಗಿದ ಮೇಲೆ ಓದಿಸುವುದೋ ಬೇಡವೋ ಎಂದು ಆ ಮನೆಯ ಗಂಡಸರು ಕೂತು ಮಾತಾಡಲಿದ್ದಾರೆ.